ಹಳ್ಳದ ಗುಂಡುಕಲ್ಲು, ನರ್ಮದೆಯ ಮೊಟ್ಟೆ

ವಿಜಯಪುರ ಜಿಲ್ಲೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು ಬರೆದಿದ್ದಾರೆ: “ನರ್ಮದಾ ಕಣಿವೆಯ ಡೈನೋಸಾರ್ ಮೊಟ್ಟೆಗಳ ಬಗೆಗಿನ ನಿಮ್ಮ ಲೇಖನವನ್ನು ತರಗತಿಯಲ್ಲಿ ಓದಿದೆ. ಮರುವಾರವೇ ಮಕ್ಕಳು ಹಳ್ಳದ ದಂಡೆಯಿಂದ ತೆಂಗಿನಕಾಯಿ ಗಾತ್ರದ ಗುಂಡುಕಲ್ಲೊಂದನ್ನು ಹೊತ್ತು ತಂದರು. ಮೇಲಿನಿಂದ ಸಿಪ್ಪೆಯಂತೆ ಪದರ ಏಳುತ್ತಿದೆ. ಚಿತ್ರ ಕಳಿಸಿದ್ದೇನೆ. ಇದು ಮೊಟ್ಟೆಯೇ? ಅಲ್ಲವಾದರೆ ಕರ್ನಾಟಕದಲ್ಲಿ ಡೈನೋಸಾರ್‌ಗಳು ಇರಲೇ ಇಲ್ಲವೇ?”

ಪ್ರಿಯ ಗುರುಗಳೇ,

ಮೊಟ್ಟೆಯಲ್ಲ. ಮಕ್ಕಳಿಗೆ ನಿರಾಸೆಯಾಗುತ್ತದೆಂದು ಬಲ್ಲೆ, ಆದರೂ ಅದನ್ನೇ ಮೊದಲು ಹೇಳಬೇಕು. ನೀವು ಕಳಿಸಿದ ಚಿತ್ರದಲ್ಲಿ ಪದರಗಳು ಒಂದರೊಳಗೊಂದು ನಾಲ್ಕೈದು ಇವೆ. ಹೊರಗಿನದು ಕಂದು, ಮುಟ್ಟಿದರೆ ಉದುರುವಂತಿದೆ. ಒಳಗಿನ ತಿರುಳು ಗಟ್ಟಿ ಕಪ್ಪು. ಇದು ಬಸಾಲ್ಟ್, ನಿಮ್ಮ ಎರೆಹೊಲಗಳಿಗೆ ಮಣ್ಣು ಕೊಟ್ಟ ಅದೇ ಕಪ್ಪುಕಲ್ಲು. ಲಾವಾ ಆರುವಾಗ ಬಿರುಕು ಬಿಟ್ಟು ಚೌಕ ಚೌಕವಾಗಿ ಒಡೆಯುತ್ತದೆ. ಬಿರುಕಿಗೆ ನೀರಿಳಿದಾಗ ಮೂಲೆಗಳು ಎರಡು ಮೂರು ಕಡೆಯಿಂದ ಒಟ್ಟಿಗೆ ಸವೆಯುತ್ತವೆ, ಹೀಗಾಗಿ ಚೌಕವಿದ್ದದ್ದು ದುಂಡಗಾಗುತ್ತದೆ. ಆಮೇಲೆ ಉಳ್ಳಾಗಡ್ಡಿಯ ಹಾಗೆ ಪದರ ಕಳಚುತ್ತಾ ಹೋಗುತ್ತದೆ.

ನಿಜವಾದ ಮೊಟ್ಟೆಗೆ ಇರುವುದು ಒಂದೇ ಚಿಪ್ಪು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಮೊಟ್ಟೆಗಳು 15ರಿಂದ 17 ಸೆಂಟಿಮೀಟರ್ ಅಡ್ಡಗಲದವು. ಚಿಪ್ಪಿನ ದಪ್ಪ ಕೆಲವೇ ಮಿಲಿಮೀಟರ್. ಭೂತಗನ್ನಡಿಯಲ್ಲಿ ನೋಡಿದರೆ ಚಿಪ್ಪಿನ ಮೈಮೇಲೆ ಸಣ್ಣ ಗುಬುಟುಗಳು ಕಾಣುತ್ತವೆ. ಒಳಗೆ ತುಂಬಿರುವುದು ಸುತ್ತಲಿನ ಸುಣ್ಣಮಿಶ್ರಿತ ಮರಳುಗಲ್ಲೇ.

ಆ ಜಿಲ್ಲೆಯ ಹಳ್ಳಿಯೊಂದರಲ್ಲಿ ಇಂಥ ಮೊಟ್ಟೆಗಳನ್ನು ರೈತರು ಹೊಲ, ದನಕರುಗಳನ್ನು ಕಾಯುವ ಭೈರವನೆಂದು ಪೂಜಿಸಿಕೊಂಡು ಬಂದಿದ್ದರು. 2023ರಲ್ಲಿ ಈ ಸುದ್ದಿ ಬಂದಾಗ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಇದು ಬರಿಯ ಕಲ್ಲಲ್ಲ ಎಂದು ಗುರುತಿಸಿ ಜೋಪಾನ ಮಾಡಿದವರು ಅವರು.

ಇನ್ನು ಎರಡನೆಯ ಪ್ರಶ್ನೆ. ಇರಲಿಲ್ಲ ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಆ ಮೊಟ್ಟೆಗಳ ಕಾಲದಲ್ಲಿ ಭಾರತವೇ ಹಿಂದೂ ಮಹಾಸಾಗರದಲ್ಲಿ ತೇಲುತ್ತಿದ್ದ ಒಂದು ಭೂಖಂಡ, ನರ್ಮದೆಗೂ ಕೃಷ್ಣೆಗೂ ನಡುವೆ ಡೈನೋಸಾರ್‌ಗಳನ್ನು ತಡೆಯಲು ಕಡಲೇನೂ ಇರಲಿಲ್ಲ. ಆದರೆ ಎಲುಬು ಕಲ್ಲಾಗಲು ಕೆಸರೋ ಮರಳೋ ಮುಚ್ಚಬೇಕು, ಮುಚ್ಚಿದ ಆ ಪದರ ಇಂದಿನವರೆಗೂ ಉಳಿಯಬೇಕು. ನಮ್ಮ ರಾಜ್ಯದ ಬಹುಪಾಲು ಬಂಡೆ ಇನ್ನೂರೈವತ್ತು ಮುನ್ನೂರು ಕೋಟಿ ವರ್ಷ ಹಳೆಯದು. ಬಾದಾಮಿಯ ಕೆಂಪು ಮರಳುಗಲ್ಲು ಹಾಸಿದಾಗ ಭೂಮಿಯ ಮೇಲೆ ಬೆನ್ನೆಲುಬಿನ ಪ್ರಾಣಿಯೇ ಇರಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಹೆಚ್ಚಿನೆಡೆ ಆ ಹಳೆಯ ಬಂಡೆಯ ಮೇಲೆಯೇ ನೇರವಾಗಿ ಲಾವಾ ಕೂತಿದೆ. ನಡುವಿನ ಪುಟಗಳು ಹರಿದುಹೋಗಿವೆ.

ಆ ಪುಟಗಳು ಉಳಿದಿರುವ ಜಾಗವೇ ಲಮೇಟಾ ಶಿಲಾಸ್ತರ. ಜಬಲ್‌ಪುರದ ಬಳಿ ನರ್ಮದೆಯ ಲಮೇಟಾ ಘಾಟ್‌ನಿಂದ ಬಂದ ಹೆಸರು. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಹೊಳೆ, ಕೆರೆ, ಬಯಲುಗಳಲ್ಲಿ ನಿಂತ ಮಣ್ಣು ಅದು. ಮೇಲೆ ಲಾವಾ ಹರಿದು ಮುಚ್ಚಿದ್ದರಿಂದ ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ತುಂಡು ತುಂಡಾಗಿ ಉಳಿಯಿತು. 1828ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಸ್ಲೀಮನ್ ಜಬಲ್‌ಪುರದಲ್ಲಿ ಎತ್ತಿಕೊಂಡ ಡೈನೋಸಾರ್ ಎಲುಬುಗಳು ಇಲ್ಲಿಯವೇ. ಡೈನೋಸಾರ್ ಎಂಬ ಪದ ಹುಟ್ಟಿದ್ದು ಅದಾಗಿ ಹದಿನಾಲ್ಕು ವರ್ಷಕ್ಕೆ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ವಿಷಯ ಹೇಳುತ್ತೇನೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸದುರಾದಲ್ಲಿ ಡೈನೋಸಾರ್‌ಗಳದ್ದೆನ್ನಲಾದ ಕಲ್ಲಾದ ಸಗಣಿ ಸಿಗುತ್ತದೆ. ಅದರೊಳಗೆ ಹುಲ್ಲಿನ ಕಣಗಳಿರುವುದನ್ನು 2005ರಲ್ಲಿ ಪ್ರಕಟಿಸಿದರು. ಜೋಳದ ರವದಿಗೆ ಉಜ್ಜಿದಾಗ ಕೈ ಗೀರುತ್ತದಲ್ಲ, ಆ ಒರಟಿನಲ್ಲಿ ಪಾಲಿರುವ ಸಿಲಿಕಾ ಕಣಗಳೇ ಅವು. ಡೈನೋಸಾರ್‌ಗಳು ಹುಲ್ಲನ್ನು ಕಂಡೇ ಇರಲಿಲ್ಲ ಎಂದು ಅಲ್ಲಿಯವರೆಗೆ ಬಹುಮಂದಿ ನಂಬಿದ್ದರು.

ನಿಮ್ಮ ಮಕ್ಕಳು ಕಲ್ಲನ್ನು ತೊಳೆದು ಮೇಜಿನ ಮೇಲಿಟ್ಟಿದ್ದಾರೆ. ಇದು ಬಸಾಲ್ಟ್, ಅಡ್ಡಿಯಿಲ್ಲ. ಪಳೆಯುಳಿಕೆಯಾಗಿದ್ದರೆ ಅರ್ಧ ಕಥೆ ಹಳ್ಳದಲ್ಲೇ ಕಳೆದುಹೋಗುತ್ತಿತ್ತು. ಗುಜರಾತಿನ ಧೋಲಿ ಡುಂಗರಿಯಲ್ಲಿ 1984ರಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳೂ ಮರಿಯ ಎಲುಬುಗಳೂ ಇದ್ದ ಒಂದು ಬಂಡೆ ಸಿಕ್ಕಿತು. ಎಲುಬೆಲ್ಲ ಮರಿಯದೇ ಎಂದುಕೊಂಡಿದ್ದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದೇ ಬಂಡೆಯಲ್ಲಿ ಹಾವಿನ ಬೆನ್ನುಮೂಳೆ ಕಂಡರು. ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದ ಮೂರೂವರೆ ಮೀಟರ್ ಹಾವು, ಪಕ್ಕದಲ್ಲೇ ಆಗಷ್ಟೇ ಹೊರಬಂದ ಮರಿ. ಎಲುಬುಗಳನ್ನು ಯಾರಾದರೂ ಬಿಡಿಬಿಡಿಯಾಗಿ ಕಿತ್ತಿದ್ದರೆ ಹಾವು ಒಂದು ಡಬ್ಬಿಗೆ, ಮೊಟ್ಟೆ ಇನ್ನೊಂದಕ್ಕೆ ಹೋಗುತ್ತಿತ್ತು. ಗೂಡಿಗೆ ಹಾವು ಬಂದಿತ್ತೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಧಾರ್‌ನಲ್ಲಿ 92 ಗೂಡು, 256 ಮೊಟ್ಟೆಗಳನ್ನು ದೆಹಲಿ ವಿಶ್ವವಿದ್ಯಾಲಯದವರೂ ಸಂಗಡಿಗರೂ ಎಣಿಸಲು ಸಾಧ್ಯವಾದದ್ದೂ ಅವು ಇದ್ದಲ್ಲೇ ಇದ್ದವೆಂದು. ಗೂಡುಗಳು ಒತ್ತೊತ್ತಾಗಿವೆ, ತಾಯಿ ಅಡ್ಡಾಡಿ ಕಾವಲು ಕಾಯುವಷ್ಟು ಜಾಗವಿಲ್ಲ. ಮೊಟ್ಟೆಯಿಟ್ಟು ಬಿಟ್ಟುಹೋಗುತ್ತಿದ್ದಿರಬೇಕು ಎಂಬ ಊಹೆಗೆ ಅದೇ ಆಧಾರ. ಮೊಟ್ಟೆಗಳನ್ನು ಕದ್ದು ಮಾರುವವರ ಸುದ್ದಿ ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುವುದು ಈ ಕಾರಣಕ್ಕೆ.

ಮುಂದೆ ಏನಾದರೂ ಕಂಡರೆ ಮುಟ್ಟುವ ಮೊದಲು ಪಕ್ಕದಲ್ಲಿ ಪೆನ್ನೊಂದನ್ನಿಟ್ಟು ಚಿತ್ರ ತೆಗೆಯಲಿ, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ದಂಡೆಯೆಲ್ಲ ಕಾಣುವಂತೆ ಇನ್ನೊಂದು. ಅದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಕಳಿಸಿ. ಈಗಿನ ಕಲ್ಲನ್ನು ಎಸೆಯಬೇಡಿ. ಯಾವ ಹಳ್ಳ, ಯಾವ ದಂಡೆ, ಎಷ್ಟು ಆಳದಲ್ಲಿತ್ತು ಎಂದು ಕಂಡ ಮಗುವಿನ ಕೈಯಲ್ಲೇ ಚೀಟಿ ಬರೆಸಿ ಅಂಟಿಸಿಡಿ.

— ಸಂಪಾದಕ