ಬೆಕ್ಕು ಕಳ್ಳನ ಸಂಕೇತ ಅಂತ ಬರೆದು ಬಿಟ್ರೆ ಸಾಕಾಗಲ್ಲ

ನಮಸ್ಕಾರ. ಹಿಚ್‌ಕಾಕ್ ನಿರ್ದೇಶನದ 'ಟು ಕ್ಯಾಚ್ ಎ ಥೀಫ್' ಸಿನಿಮಾದ ಸಾಹಿತ್ಯಿಕ ಅಂಶಗಳು ಅಂತ ನೀವು ಕಳಿಸಿದ ಲೇಖನ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಯಾಕೆ ಅಂತ ನೇರವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಅರ್ಧ ಲೇಖನ ಬರೀ ಕಥೆ. ಜಾನ್ ರೋಬಿ ಹಳೇ ಒಡವೆ ಕಳ್ಳ, ಕಳ್ತನ ಬಿಟ್ಟಿದಾನೆ, ಫ್ರೆಂಚ್ ರಿವಿಯೇರಾದಲ್ಲಿ, ಅಂದ್ರೆ ಫ್ರಾನ್ಸಿನ ದಕ್ಷಿಣ ಕರಾವಳೀಲಿ, ಯಾರೋ ಅವನ ಸ್ಟೈಲಲ್ಲೇ ಕದೀತಿದಾರೆ, ಪೊಲೀಸರಿಗೆ ಅವನ ಮೇಲೇ ಡೌಟು. ಇಷ್ಟು ಸಾಕಿತ್ತು. ಆಮೇಲೆ ಸಂಕೇತ, ವ್ಯಂಗ್ಯ, ಮುನ್ಸೂಚನೆ ಅಂತ ಹೆಡ್ಡಿಂಗು, ಒಂದೊಂದಕ್ಕೂ ಡೆಫಿನಿಷನ್ನು, ಥೇಟ್ ಪಿಯುಸಿ ನೋಟ್ಸು!

"ಕಪ್ಪು ಬೆಕ್ಕು ಕಳ್ಳನ ಸಂಕೇತ" ಅಂತೀರ. ಅಲ್ಲ ಮಾರಾಯ್ರೆ, ರೋಬಿನ ಎಲ್ರೂ ಕರೆಯೋದೇ 'ಬೆಕ್ಕು' ಅಂತ, ಅದನ್ನ ನೀವು ಹೇಳ್ಬೇಕಾ? ಶುರುವಲ್ಲಿ ರಾತ್ರಿ ಛಾವಣಿ ಮೇಲೆ ಕರಿ ಬೆಕ್ಕು ಓಡಾಡುತ್ತೆ, ಹೆಂಗಸರು ಎದ್ದು ಒಡವೆ ಹೋಯ್ತು ಅಂತ ಕಿರುಚ್ತಾರೆ, ಕಳ್ಳ ಮಾತ್ರ ಕಾಣಲ್ಲ. ಸ್ವಲ್ಪ ಹೊತ್ತಿಗೆ ರೋಬಿ ಮನೆ ಸೋಫಾ ಮೇಲೂ ಒಂದು ಕರಿ ಬೆಕ್ಕು ಮಲಗಿದೆ, ನಾವೂ ಪೊಲೀಸರ ಥರಾನೇ ಇವನೇ ಅಂದ್ಕೋತೀವಿ. ಹಿಚ್‌ಕಾಕ್ ಆ ಬೆಕ್ಕಿನ ಕೈಲಿ ಸುಳ್ಳು ಸಾಕ್ಷಿ ಹೇಳಿಸ್ತಿದಾನೆ, ಬರೀಬೇಕಿದ್ದಿದ್ದು ಅದನ್ನ.

ಹೋಟೆಲ್ ರೂಮಲ್ಲಿ ರೋಬಿ, ನಾಯಕಿ ಇಬ್ರೇ ಇದ್ದಾಗ ಹೊರಗೆ ಪಟಾಕಿ ಸಿಡಿಯೋ ಸೀನ್ ಪ್ಯಾರಾ ಚೆನ್ನಾಗಿದೆ, ನಿಜವಾಗ್ಲೂ. ಆಗಿನ ಹಾಲಿವುಡ್ ಸೆನ್ಸಾರ್ ಕಾಟಕ್ಕೆ ಮಂಚದ ಬದಲು ಆಕಾಶ ತೋರಿಸಿದ್ದು ಅನ್ನೋ ಮಾತೂ ಸರಿ. ಆದ್ರೆ ಅಲ್ಲಿಗೇ ನಿಲ್ಲಿಸಿಬಿಟ್ರಿ. ನಾಯಕಿ ಗ್ರೇಸ್ ಕೆಲ್ಲಿ ಮುಖ ಕತ್ತಲಲ್ಲಿಟ್ಟು ಬೆಳಕೆಲ್ಲಾ ಕತ್ತಿನ ಹಾರದ ಮೇಲೆ ಬಿಟ್ಟಿರೋದು ಗಮನಿಸಿದ್ರಾ? ಕಳ್ಳನಿಗೆ ಹಾರದ ಆಸೆ ತೋರಿಸ್ತಾಳೆ, ಅವನು ಇದು ನಕಲಿ ಅಂತಾನೆ, ನಾನು ನಕಲಿ ಅಲ್ವಲ್ಲ ಅಂತಾಳೆ. ಇಡೀ ಸಿನಿಮಾದ ಎಳೆ ಅಲ್ಲಿದೆ ನೋಡಿ: ಕಳ್ಳ ಇನ್ನೊಬ್ಬ ಕಳ್ಳನ ನಕಲು, ರೋಬಿ ಅಮೆರಿಕದ ಮರದ ವ್ಯಾಪಾರಿ ಅಂತ ಸುಳ್ಳು ಹೆಸರಲ್ಲಿ ತಿರುಗ್ತಾನೆ, ಕೊನೇ ಪಾರ್ಟಿಯಲ್ಲಿ ಅವನ ಮುಖವಾಡದ ಒಳಗೆ ಇನ್ಶೂರೆನ್ಸ್ ಆಸಾಮಿ ಹ್ಯೂಸನ್ ಇರ್ತಾನೆ. ಈ ಅಸಲಿ ನಕಲಿ ಒಂದನ್ನೇ ಹಿಡಿದು ಬರೆದಿದ್ರೆ ನಿಮ್ಮ ಹೆಡ್ಡಿಂಗುಗಳು ಯಾವ್ದೂ ಬೇಕಿರಲಿಲ್ಲ.

ಇನ್ನೊಂದು, ಆಸ್ಕರ್ ಬಂದಿದ್ದು ಹಿಚ್‌ಕಾಕ್‌ಗಲ್ಲ, ಕ್ಯಾಮೆರಾಮನ್ ರಾಬರ್ಟ್ ಬರ್ಕ್ಸ್‌ಗೆ. ಮತ್ತೆ ಸಾಹಿತ್ಯಿಕ ಅಂಶ ಅಂತ ಟೈಟಲ್ ಇಟ್ಟು, 1955ರ ಈ ಸಿನಿಮಾ ಡೇವಿಡ್ ಡಾಡ್ಜ್ ಅವರ 1952ರ ಕಾದಂಬರಿಯಿಂದ ಬಂದಿದ್ದು ಅಂತಾಗಲಿ, ಆ ಚುರುಕು ಡೈಲಾಗ್ ಬರೆದ ಜಾನ್ ಮೈಕಲ್ ಹೇಯ್ಸ್ ಹೆಸರಾಗಲಿ ಒಂದು ಕಡೆನೂ ಇಲ್ಲ, ಅದು ಹೆಂಗೆ ಬಿಟ್ಟೋಯ್ತೋ!

ಹಾರದ ಸೀನಿಂದಾನೇ ಶುರು ಮಾಡಿ ಮತ್ತೆ ಬರೆದು ಕಳಿಸಿ, ಸಾವಿರ ಪದ ದಾಟಬೇಡಿ.