ಬಾಯಿಬಿಟ್ಟು ಕೇಳದಿದ್ದರೆ ಪಕ್ಕದ ಮನೆಗೆ ಗೊತ್ತಾಗುವುದು ಹೇಗೆ?

ಡೊಂಬಿವಲಿಯ ಓದುಗರೊಬ್ಬರ ಪತ್ರ ಓದಿ ಸಂಕಟವೂ ಆಯಿತು, ಸಿಟ್ಟೂ ಬಂತು. ಪಕ್ಕದ ಮನೆಯಾಕೆಗೆ ಮುಂಬೈಯ ಫೋರ್ಟಿನಲ್ಲಿ ಕೆಲಸ. ಲೋಕಲ್ ರೈಲು ಹಿಡಿದು ಮನೆ ಸೇರುವಾಗ ರಾತ್ರಿ ಎಂಟು. ಮೂರು ವರ್ಷದಿಂದ ಅವರ ಮಗ ಶಾಲೆ ಬಿಟ್ಟ ಮೇಲೆ ಇರುವುದು ಇವರ ಮನೆಯಲ್ಲಿ. ತಿಂಡಿ, ಹೋಮ್‌ವರ್ಕ್ ಎಲ್ಲ ಇಲ್ಲೇ. ಆ ಕಡೆಯಿಂದ ಮಾತ್ರ ಯಾವ ಸಹಾಯವೂ ಇಲ್ಲ. ಬಯಾಲಜಿ ಓದಿದ ಮೈದುನ ಬೇರೆ, ‘ರಕ್ತಸಂಬಂಧಿಗಳಿಗೆ ಮಾಡುವುದು ಪ್ರಕೃತಿ ನಿಯಮ, ಹೊರಗಿನವರಿಗೆ ಮಾಡುವುದು ದಡ್ಡತನ ಅತ್ತಿಗೆ’ ಎಂದಿದ್ದಾರೆ. ನಿಲ್ಲಿಸಿಬಿಡಲೇ ಎಂಬುದು ಇವರ ಪ್ರಶ್ನೆ.

ಪತ್ರದ ನಡುವೆ ಒಂದು ಸಾಲನ್ನು ತೇಲಿಸಿ ಬರೆದಿದ್ದೀರಿ: ‘ಮಳೆಗಾಲದಲ್ಲಿ ಡೆಂಗ್ಯೂ ಬಂದಾಗಲೂ ಹುಡುಗನಿಗೆ ಅವಲಕ್ಕಿ ಕಲಸಿಕೊಟ್ಟು ಮಲಗುತ್ತಿದ್ದೆ; ಅಮ್ಮನಿಗೆ ಹೇಳಬೇಡ ಅಂದಿದ್ದೆ.’ ನಿಮ್ಮ ಕಷ್ಟದ ಬೇರು ಇಲ್ಲಿದೆ.

ಮೊದಲು ಮೈದುನನ ವಿಚಾರ. ಅವರು ಅರ್ಧ ಪಾಠ ಓದಿ ನಿಮ್ಮ ಮನಸ್ಸು ಕೆಡಿಸಿದ್ದಾರೆ. 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಕೊಟ್ಟ ಸೂತ್ರ ಬಂಧುಗಳದ್ದು, ನಿಜ: ನೆರವಾಗುವ ಗುಣ ಪೀಳಿಗೆಗಳಲ್ಲಿ ಉಳಿಯಬೇಕಾದರೆ, ನೆರವಿನ ಲಾಭವನ್ನು ಬಂಧುತ್ವದ ಪಾಲಿನಿಂದ, ಅಂದರೆ ಒಂದೇ ಮೂಲದಿಂದ ಇಬ್ಬರಿಗೂ ಬಂದ ವಂಶವಾಹಿಗಳ ಪಾಲಿನಿಂದ, ಗುಣಿಸಿದರೆ ಬರುವುದು ತೆತ್ತ ಬೆಲೆಗಿಂತ ಹೆಚ್ಚಿರಬೇಕು. ಒಡಹುಟ್ಟಿದವರಿಗೆ ಆ ಪಾಲು 1/2, ಚಿಕ್ಕಪ್ಪನ ಮಕ್ಕಳಿಗೆ 1/8. ಆದರೆ 1971ರಲ್ಲೇ ಇನ್ನೊಬ್ಬ ಜೀವವಿಜ್ಞಾನಿ ಟ್ರಿವರ್ಸ್, ಪದೇ ಪದೇ ಎದುರಾಗುವವರ ನಡುವೆ ಬಂಧುತ್ವವಿಲ್ಲದೆಯೂ ಪರೋಪಕಾರ ಬೆಳೆಯಬಲ್ಲದು ಎಂದು ತೋರಿಸಿದರು. ರಕ್ತ ಹೀರುವ ಬಾವಲಿ ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುತ್ತದೆ. ಹೊಟ್ಟೆ ತುಂಬಿದ ಜೊತೆಗಾತಿ ತಾನು ಕುಡಿದ ರಕ್ತವನ್ನು ಕಕ್ಕಿ ಉಣಿಸುತ್ತದೆ. ಬಾವಲಿ ಸಂಶೋಧಕರಾದ ಕಾರ್ಟರ್ ಮತ್ತು ವಿಲ್ಕಿನ್ಸನ್ 2013ರಲ್ಲಿ ಕಂಡಂತೆ, ಯಾರು ಯಾರಿಗೆ ಉಣಿಸುತ್ತಾರೆ ಎನ್ನುವುದನ್ನು ನೆಂಟಸ್ತನಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಹಿಂದೆ ಉಣಿಸಿದ ಋಣ. ಇನ್ನೊಂದು ಮಾತು: ಒಂದು ಗುಣ ವಂಶವಾಹಿಗೆ ಲಾಭವಾಗಿ ಉಳಿದು ಬಂತು ಎಂದರೆ ಆ ಹುಡುಗನಿಗೆ ತಿಂಡಿ ಕೊಡುವಾಗ ನಿಮ್ಮ ಮನಸ್ಸಿನಲ್ಲಿ ಸ್ವಾರ್ಥವಿತ್ತು ಎಂದಲ್ಲ.

ಈಗ ನಿಮ್ಮ ವಿಚಾರ. ಜಪಾನಿನಲ್ಲಿ ಸಂಶೋಧಕ ಯಾಮಾಮೊಟೊ ಅವರ ತಂಡ ಚಿಂಪಾಂಜಿಗಳನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಇರಿಸಿತು. ಒಂದಕ್ಕೆ ಜ್ಯೂಸ್ ಸಿಗಬೇಕಾದರೆ ಕೋಲೋ ಸ್ಟ್ರಾವೋ ಬೇಕು. ಅದು ಇರುವುದು ಇನ್ನೊಂದರ ಕೋಣೆಯಲ್ಲಿ. ಕಷ್ಟ ಕಣ್ಣಿಗೆ ಕಂಡಾಗ ಏಳು ವಸ್ತುಗಳಲ್ಲಿ ಬೇಕಾದದ್ದನ್ನೇ ಆರಿಸಿ ಕೊಡುವಷ್ಟು ತಿಳಿವಳಿಕೆ ಅವಕ್ಕಿತ್ತು. ಆದರೂ ಹೆಚ್ಚಾಗಿ ಕೊಟ್ಟಿದ್ದು, ಆ ಕಡೆಯಿಂದ ಕೈ ಚಾಚಿ ಬೇಡಿದಾಗ. ಮನುಷ್ಯರ ಒಂದೂವರೆ ವರ್ಷದ ಮಕ್ಕಳು ಕೇಳದೆಯೂ ಓಡಿ ಬರುತ್ತಾರೆ. ದೊಡ್ಡವರ ಕೈಜಾರಿ ಬಟ್ಟೆ ಕ್ಲಿಪ್ ಬಿದ್ದರೆ ಎತ್ತಿಕೊಡುತ್ತಾರೆ. ಬೇಕೆಂದೇ ಎಸೆದಾಗ ಹಾಗೆ ಮಾಡುವುದು ಅಪರೂಪ. ಅಂದರೆ ಅವರಿಗೂ ಅಗತ್ಯ ಕಾಣಿಸಬೇಕು. ನೀವೋ, ಕಾಣಿಸಬಹುದಾಗಿದ್ದ ಒಂದೇ ಕಿಂಡಿಯನ್ನೂ ಮುಚ್ಚಿದಿರಿ. ಪಕ್ಕದ ಮನೆಯಾಕೆಯ ಮೇಲೆ ನನಗೆ ಇನ್ನೂ ದೂರಿಲ್ಲ.

ಮಾಡಬೇಕಾದದ್ದು ಒಂದೇ. ಈ ವಾರ ಆಕೆಯನ್ನು ಒಂದು ಸಹಾಯ ಕೇಳಿ. ಸಣ್ಣದು, ದಿನ-ವೇಳೆ ಗೊತ್ತಿರುವಂಥದು: ‘ಶನಿವಾರ ಹತ್ತರಿಂದ ಹನ್ನೆರಡು ನನ್ನ ಮಗಳನ್ನು ನೋಡಿಕೊಳ್ಳುತ್ತೀರಾ?’ ‘ಯಾಕೋ ಸುಸ್ತು’ ಎಂಬ ಸೂಚನೆ ಸಾಲದು. ಮೂರು ವರ್ಷದ ಲೆಕ್ಕ ಬಿಚ್ಚಲೇಬೇಡಿ. ಸಾಲಗಾರಳಂತೆ ಕುಗ್ಗಿ ದೂರ ಸರಿಯುತ್ತಾರೆ. ಆಗದು ಎಂದರೆ ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಆಗಲೂ ನೆಪ ಹೇಳಿದರೆ, ಹುಡುಗನಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಒಂದು ತಿಂಗಳು ಸಮಯ ಕೊಡಿ. ಅಲ್ಲಿಯವರೆಗೆ ಅವನ ಸಂಜೆಯ ತಿಂಡಿ ತಪ್ಪಬಾರದು.