ಸೊಂಟದ ಆಪರೇಷನ್ ಆದ ಮೇಲೆ ಸೀದಾ ಮನೆಗೋ, ರಿಹ್ಯಾಬ್ ಆಸ್ಪತ್ರೆಗೋ?

68 ವರ್ಷದ ನಿಮ್ಮ ತಾಯಿಯವರಿಗೆ ಸೊಂಟದ ಮೂಳೆ ಮುರಿದು ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿದೆ, ಇನ್ನು ಮೂರು ದಿನಕ್ಕೆ ಡಿಸ್ಚಾರ್ಜ್, ವೈದ್ಯರು ಎರಡು ಮೂರು ವಾರ ರಿಹ್ಯಾಬಿಲಿಟೇಶನ್ ಆಸ್ಪತ್ರೆಯಲ್ಲಿ (ವ್ಯಾಯಾಮ ಮಾಡಿಸಿ ಮತ್ತೆ ನಡೆದಾಡುವಂತೆ ಮಾಡುವ ಕಡೆ) ಇರಲಿ ಎನ್ನುತ್ತಿದ್ದಾರೆ, ತಾಯಿಯವರು ಮಾತ್ರ ಕುಮಟಾದ ಮನೆಗೇ ಹೋಗಬೇಕೆಂದು ಹಟ ಹಿಡಿದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಿಕ್ಷಕಿ. 2024ರ ಆಗಸ್ಟ್‌ನಲ್ಲಿ, ಅಂಗಳದಲ್ಲಿ ಜಾರದಿರಲೆಂದು ಹಾಸಿದ್ದ ಅಡಕೆ ದಬ್ಬೆಯನ್ನು (ಸೀಳಿದ ಅಡಕೆ ಮರ) ಬಿಟ್ಟು ಹಾವಸೆಯ ಮೇಲೆ ಕಾಲಿಟ್ಟು ಜಾರಿಬಿದ್ದು, ಎಡ ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡು, ಹುಬ್ಬಳ್ಳಿಯಲ್ಲಿ ಕೀಲಿನ ಚೆಂಡು ಬದಲಿಸಿಕೊಂಡು, ಅದೇ ಊರಿನ ರಿಹ್ಯಾಬ್ ಆಸ್ಪತ್ರೆಯೊಂದರಲ್ಲಿ 18 ದಿನ ಇದ್ದು ಬಂದವಳು. ಆದ್ದರಿಂದ ನಿಮ್ಮ ತಾಯಿಯವರ ಮಂಚದ ಕಡೆಯಿಂದ ಉತ್ತರಿಸುತ್ತೇನೆ.

ನಾನೂ ಒಪ್ಪಿರಲಿಲ್ಲ. ನೋವಿಗಿಂತ ಹೆಚ್ಚಾಗಿ ಆ ಹೆಸರೇ ನನ್ನನ್ನು ತಡೆಯಿತು. ರಿಹ್ಯಾಬಿಲಿಟೇಶನ್ ಎಂಬುದನ್ನು ಆಸ್ಪತ್ರೆಯವರು ಕನ್ನಡದಲ್ಲಿ ‘ಪುನರ್ವಸತಿ’ ಎಂದರು. ನಮ್ಮ ಜಿಲ್ಲೆಯಲ್ಲಿ ಆ ಪದ ಕೇಳಿದರೆ ಸೀಬರ್ಡ್ ನೌಕಾನೆಲೆಗೆ, ಕಾಳಿ ಅಣೆಕಟ್ಟುಗಳಿಗೆ ಮನೆ-ಜಮೀನು ಬಿಟ್ಟುಕೊಟ್ಟವರ ಕಾಲನಿಗಳೇ ಕಣ್ಣೆದುರು ಬರುತ್ತವೆ. ಮನೆಯಲ್ಲಿ ಮಗ ಸೊಸೆ ಇರುವಾಗ ನನಗೇಕೆ ಪುನರ್ವಸತಿ ಎಂದು ಸಿಟ್ಟು ಬಂತು. ನೆಂಟರೂ ದಿಕ್ಕಿಲ್ಲದವರು ಹೋಗುವ ಜಾಗವೆಂದೇ ತಿಳಿದರು. ನಿಮ್ಮ ತಾಯಿಯವರ ಹಟದ ಹಿಂದೆಯೂ ಇಂಥದ್ದೇನಾದರೂ ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಇನ್ನು ನಿರ್ಧಾರದ ವಿಷಯ. ಇದನ್ನು ಕಾಲು ನೋಡಿ ತೀರ್ಮಾನಿಸುವುದಕ್ಕಿಂತ ಮನೆ ನೋಡಿ ತೀರ್ಮಾನಿಸುವುದು ಸರಿ ಎಂದು ನನ್ನ ಅಭಿಪ್ರಾಯ. ಒಬ್ಬರ ಸಹಾಯದಿಂದ ಮಂಚದಿಂದ ಎದ್ದು, ವಾಕರ್ ಹಿಡಿದು ಸಮತಟ್ಟಾದ ನೆಲದಲ್ಲಿ ಶೌಚಾಲಯದವರೆಗೆ ಹೋಗಿಬರಲು ಅವರಿಗೆ ಸಾಧ್ಯವಾಗುತ್ತಿದ್ದರೆ, ಮನೆಯೊಳಗೇ ಕಮೋಡ್ ಇದ್ದರೆ, ಫಿಸಿಯೋಥೆರಪಿಸ್ಟ್ ದಿನವೂ ಮನೆಗೆ ಬರುವ ವ್ಯವಸ್ಥೆ ಆಗುವಂತಿದ್ದರೆ ಮನೆಗೇ ಕರೆತನ್ನಿ, ರಿಹ್ಯಾಬ್ ಬೇಕಾಗಲಿಕ್ಕಿಲ್ಲ. ನನ್ನ ಸ್ಥಿತಿ ಹಾಗಿರಲಿಲ್ಲ. ಜಗುಲಿಗೆ ಮೂರು ಮೆಟ್ಟಿಲು, ಒಳಗೆ ಕೋಣೆಗೊಂದು ಹೊಸಿಲು, ಬಚ್ಚಲುಮನೆಗೆ ಇಳಿಯುವುದಕ್ಕೆ ಇನ್ನೊಂದು ಮೆಟ್ಟಿಲು, ಶೌಚಾಲಯವಂತೂ ಅಂಗಳದಾಚೆ. ಆ ಮಳೆಯಲ್ಲಿ ನಮ್ಮ ಹಳ್ಳಿಗೆ ದಿನಾ ಬರಲು ಯಾವ ಫಿಸಿಯೋಥೆರಪಿಸ್ಟೂ ಸಿಗಲಿಲ್ಲ. ಮಗ ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ತೋರಿಸಿದಾಗ ನನ್ನ ಬಾಯಿ ಕಟ್ಟಿತು.

ಹೋಗುವುದೇ ಆದರೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವ ದಿನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನಗೆ ಎಡವಟ್ಟಾದದ್ದು ಅಲ್ಲಿಯೇ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟವಿತ್ತು, ಆದರೆ ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬ ಒಂದು ಸಾಲು ಇರಲಿಲ್ಲ. ಪೂರ್ತಿ ಭಾರವೋ, ಅರ್ಧವೋ, ಬೆರಳು ತಾಗಿಸುವಷ್ಟು ಮಾತ್ರವೋ ಎಂದು ತಿಳಿಯದೆ ಹೊಸ ಆಸ್ಪತ್ರೆಯವರು ನನ್ನನ್ನು ಎಬ್ಬಿಸಲು ಒಪ್ಪಲಿಲ್ಲ. ಶನಿವಾರ ಹೋದವಳು ಶಸ್ತ್ರವೈದ್ಯರು ಫೋನಿಗೆ ಸಿಕ್ಕುವ ಸೋಮವಾರದವರೆಗೆ ಮಲಗಿಯೇ ಇದ್ದೆ. ಪೂರ್ತಿ ಭಾರ ಹಾಕಬಹುದು ಎಂದು ಅವರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದರು. ಆದ್ದರಿಂದ ಆ ಸಾಲನ್ನು ಬರೆಸಿಕೊಳ್ಳದೆ ಹೊರಡಬೇಡಿ. ಯಾವ ಬಗೆಯ ಶಸ್ತ್ರಚಿಕಿತ್ಸೆ, ಹೊಲಿಗೆ ಬಿಚ್ಚುವ ದಿನ ಯಾವುದು (ಸಾಮಾನ್ಯವಾಗಿ 10ರಿಂದ 14 ದಿನ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಅಥವಾ ಮಾತ್ರೆ ಎಷ್ಟು ದಿನ, ಅದನ್ನು ಕೊನೆಯ ಸಲ ಕೊಟ್ಟದ್ದು ಎಷ್ಟು ಗಂಟೆಗೆ, ಇವೂ ಬರಹದಲ್ಲಿರಲಿ; ಎಕ್ಸ್-ರೇ ನಿಮ್ಮ ಕೈಯಲ್ಲೇ ಇರಲಿ. ನೋವಿನ ಮಾತ್ರೆಯನ್ನು ಹೊರಡುವ ಮುಂಚೆಯೇ ಕೊಡಬಹುದೇ ಎಂದು ನರ್ಸ್ ಹತ್ತಿರ ಕೇಳಿ. ನಮ್ಮ ಆಂಬುಲೆನ್ಸ್ ಊರೊಳಗೆ ಹೋದದ್ದು ಬರೀ ಆರು ಕಿಲೋಮೀಟರ್. ಆದರೂ ಪ್ರತಿಯೊಂದು ಹೊಂಡದ ಲೆಕ್ಕ ನನ್ನ ಸೊಂಟಕ್ಕೆ ಸಿಕ್ಕಿತ್ತು.

ರಿಹ್ಯಾಬ್ ಆಸ್ಪತ್ರೆ ಎಂದರೆ ವಿಶ್ರಾಂತಿಯೆಂದು ನಾನು ಎಣಿಸಿದ್ದು ತಪ್ಪು. ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನದ ಮೇಲೆ ಮುಕ್ಕಾಲು ಗಂಟೆ ವ್ಯಾಯಾಮ. ಉಳಿದ ಹೊತ್ತಿನಲ್ಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಊಟಕ್ಕೆ ಕುರ್ಚಿಯಲ್ಲೇ ಕೂರಬೇಕು. ಮೊದಲ ವಾರ ಮೆಟ್ಟಿಲು ಹತ್ತುವುದನ್ನು ಕಲಿಸಿದ ಕಟ್ಟಿಗೆಯ ಕಟ್ಟೆ ಆರು ಇಂಚು ಎತ್ತರದ್ದು, ಎರಡೂ ಬದಿಗೆ ಹಿಡಿಕೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂಬ ಕ್ರಮವನ್ನು ಎರಡೇ ದಿನದಲ್ಲಿ ಕಲಿತು ನನಗೆ ಜಂಬ ಬಂದಿತ್ತು. ಆಗ ಮಗ ಊರಿನಿಂದ ಅಳತೆ ತೆಗೆದುಕೊಂಡು ಬಂದ: ನಮ್ಮ ಜಗುಲಿಯ ಮೆಟ್ಟಿಲು ಒಂದೊಂದೂ ಒಂಬತ್ತು ಇಂಚು, ಹಿಡಿಕೆ ಯಾವ ಬದಿಗೂ ಇಲ್ಲ. ಥೆರಪಿಸ್ಟ್ ಹುಡುಗಿ ಆ ಚೀಟಿಯನ್ನು ನೋಡಿ, ಆರು ಇಂಚಿನ ಕಟ್ಟೆಯ ಮೇಲೆ ಮೂರು ಇಂಚಿನ ಹಲಗೆಯೊಂದನ್ನು ಬಿಗಿದು ಕಟ್ಟಿ, “ಅಮ್ಮಾ, ಇದು ನಿಮ್ಮ ಮನೆ, ಹತ್ತಿ” ಎಂದಳು. ಒಳ್ಳೆಯ ಕಾಲನ್ನು ಮೇಲಿಟ್ಟೆ, ಇನ್ನೊಂದನ್ನು ಎಳೆದುಕೊಳ್ಳಲು ಆಗಲೇ ಇಲ್ಲ. ಅದನ್ನು ಸಾಧಿಸಲು ಐದು ದಿನ ಹಿಡಿಯಿತು, ಅಷ್ಟರಲ್ಲಿ ಮಗ ಊರಿನಲ್ಲಿ ಜಗುಲಿಗೆ ಜಿ.ಐ. ಪೈಪಿನ ಹಿಡಿಕೆ ಹಾಕಿಸಿದ.

ಬಚ್ಚಲ ಒಲೆಯ ಕಥೆಯೂ ಇಂಥದ್ದೇ. ಸ್ನಾನದ ನೀರಿಗೆ ಹಂಡೆಯ ಕೆಳಗೆ ನೆಲಮಟ್ಟದಲ್ಲಿ ಬೆಂಕಿ ಮಾಡುತ್ತೇವೆಂದು ಹೇಳಿದಾಗ ಆ ಹುಡುಗಿಗೆ ಅರ್ಥವಾಗಲಿಲ್ಲ, ನಾನು ಚಿತ್ರ ಬರೆದು ತೋರಿಸಿದೆ. ನನ್ನ ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಕೀಲಿನ ಚೆಂಡು ಜಾರದಿರಲೆಂದು ಮೊದಲ ಕೆಲವು ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಮುಖವಾಗಿ ತಿರುಗಿಸಬಾರದು ಎಂದಿದ್ದರು. ಅಂದರೆ ಒಲೆಗೆ ಬಗ್ಗುವಂತಿಲ್ಲ, ಮಣೆಯ ಮೇಲೆ ಕೂರುವಂತಿಲ್ಲ, ಮೆಟ್ಟುಗತ್ತಿಯ (ಈಳಿಗೆಯ) ಮುಂದೆ ಕೂತು ಸೌತೆಕಾಯಿ ಹೆಚ್ಚುವಂತಿಲ್ಲ. ನಿಮ್ಮ ತಾಯಿಯವರಿಗೆ ಚೆಂಡು ಬದಲಿಸದೆ ಮುರಿದ ಮೂಳೆಗೆ ರಾಡ್ ಹಾಕಿದ್ದರೆ ಈ ನಿಯಮಗಳು ಅನ್ವಯಿಸದಿರಬಹುದು, ಆದರೆ ಭಾರ ಹಾಕುವ ವಿಷಯದಲ್ಲಿ ಬೇರೆ ಕಟ್ಟುಪಾಡು ಇರಬಹುದು. ನನ್ನದನ್ನು ಅವರಿಗೆ ಹಚ್ಚದೆ ಶಸ್ತ್ರವೈದ್ಯರನ್ನೇ ಕೇಳಿ.

ಇಂಟರ್ನೆಟ್ಟಿನಲ್ಲಿ ಆಸ್ಪತ್ರೆ ಹುಡುಕುವಾಗ ‘ರಿಹ್ಯಾಬ್ ಸೆಂಟರ್’ ಎಂದಷ್ಟೇ ಹಾಕಿದರೆ ಕುಡಿತ ಬಿಡಿಸುವ ಕೇಂದ್ರಗಳೂ ಸಾಲುಸಾಲಾಗಿ ಬರುತ್ತವೆ (ನನ್ನ ಸೊಸೆ ಅಂಥ ಎರಡು ಕಡೆ ಫೋನ್ ಮಾಡಿ ನಕ್ಕಿದ್ದಳು). ವೃದ್ಧರನ್ನು ನೋಡಿಕೊಳ್ಳುವ ಮನೆಗಳೂ ಅದೇ ಹೆಸರಿನಲ್ಲಿ ಬೋರ್ಡ್ ಹಾಕಿರುತ್ತವೆ. ದಿನಕ್ಕೆ ಎಷ್ಟು ಹೊತ್ತು ಥೆರಪಿ, ರಾತ್ರಿ ವೈದ್ಯರು ಇರುತ್ತಾರೆಯೇ, ಮನೆಯವರೊಬ್ಬರು ಜೊತೆಗಿರಬಹುದೇ ಎಂಬ ಮೂರು ಪ್ರಶ್ನೆಗಳಿಗೆ ನೇರ ಉತ್ತರ ಕೊಡದ ಜಾಗವನ್ನು ಬಿಟ್ಟುಬಿಡಿ.

ದುಡ್ಡಿನ ವಿಷಯದಲ್ಲಿ ಮೊದಲೇ ಎಚ್ಚರವಾಗಿರಿ. ಆರೋಗ್ಯ ವಿಮೆಯ ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯಲ್ಲಿ ‘ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಶನ್ ಆ್ಯಂಡ್ ರೆಸ್ಪೈಟ್ ಕೇರ್’ ಎಂಬ ಕಲಮು ಇದೆಯೇ ನೋಡಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐ.ಆರ್.ಡಿ.ಎ.ಐ. ರೂಪಿಸಿದ ಪ್ರಮಾಣಿತ ಪದಗಳಲ್ಲಿ ಅದರ ಸಂಕೇತ ಎಕ್ಸ್‌ಕ್ಲ್ 05 (Excl05). ನನ್ನ ಪಾಲಿಸಿಯಲ್ಲಿ ಅದಿದ್ದುದರಿಂದ ಹಾಸಿಗೆ ಬಾಡಿಗೆಯ ಒಂದು ರೂಪಾಯಿಯೂ ಬರಲಿಲ್ಲ. ಶಸ್ತ್ರಚಿಕಿತ್ಸೆಯ ಮುಂದುವರಿಕೆಯಾಗಿ ವೈದ್ಯರು ಬರೆದುಕೊಟ್ಟ ಔಷಧಿ ಮತ್ತು ಫಿಸಿಯೋಥೆರಪಿಯ ಬಿಲ್ಲುಗಳಿಗೆ ಮಾತ್ರ, ಡಿಸ್ಚಾರ್ಜ್ ನಂತರದ ವೆಚ್ಚವೆಂದು ಸ್ವಲ್ಪ ಸಿಕ್ಕಿತು. ಬಿಲ್ಲುಗಳನ್ನು ಬೇರೆಬೇರೆಯಾಗಿ ಕೇಳಿ ಪಡೆಯಿರಿ.

ತಾಯಿಯವರನ್ನು ಒಪ್ಪಿಸುವುದಕ್ಕೆ ನನಗೆ ತಿಳಿದ ಉಪಾಯ ಒಂದೇ. ‘ಗುಣವಾದ ಮೇಲೆ ಮನೆಗೆ’ ಎನ್ನಬೇಡಿ, ಅದು ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ನನ್ನ ಮಗ ‘ಚೌತಿಯ ಒಳಗೆ ಮನೆ’ ಎಂದಿದ್ದ. ಆ ವರ್ಷ ಚೌತಿ ಸೆಪ್ಟೆಂಬರ್ 7ಕ್ಕಿತ್ತು, ನಾವು ಮುಂಡಗೋಡದ ಮೇಲಿನಿಂದ ಮನೆ ತಲುಪಿದ್ದು ಮೂರನೇ ತಾರೀಕಿಗೆ. ನೀವೂ ಥೆರಪಿಸ್ಟ್ ಹತ್ತಿರ ಮಾತಾಡಿ ಒಂದು ತಾರೀಕು ಹೇಳಿ. ಇಂದೇ ಕುಮಟಾದಲ್ಲಿರುವ ಯಾರಿಗಾದರೂ ಫೋನ್ ಮಾಡಿ, ಮೆಟ್ಟಿಲು, ಹೊಸಿಲು, ಮಂಚ, ಕಮೋಡ್ ಇವುಗಳ ಎತ್ತರವನ್ನೂ ಬಚ್ಚಲ ಬಾಗಿಲಿನ ಅಗಲವನ್ನೂ ಟೇಪು ಹಿಡಿದು ಬರೆದು ಕಳಿಸಲು ಹೇಳಿ. ವಾಕರ್ ಆ ಬಾಗಿಲಿನಲ್ಲಿ ಹಿಡಿಸುತ್ತದೆಯೇ ಎಂಬುದು ಗೊತ್ತಾದ ಮೇಲೆ ವೈದ್ಯರ ಹತ್ತಿರ ಮಾತಾಡಲು ಹೋಗಿ.